ದಿಂಬಿನ ಮೇಲಿದ್ದ ಹಳೇ ಟವೆಲ್

ಪುಟ್ಟೀ,

ಹೇಳಿದ ಕೆಲಸಕ್ಕೆ ಕೈಹಾಕದವಳು, ನನ್ನ ದಿಂಬಿನ ಮೇಲಿದ್ದ ಹಳೇ ಟವೆಲನ್ನು ನಿನ್ನೆ ಹೇಳದೇ ಒಗೆದಿದ್ದೀಯಲ್ಲ! ಅದು ನಾಯಿ ಮಲಗುತ್ತಿದ್ದ ಟವೆಲ್ ಕಣೇ. ನೀನು ಫ್ರಿಜ್ ಮೇಲೆ ಚಿತ್ರ ಅಂಟಿಸಿದ್ದೀಯಲ್ಲ, ಆ ಗುಂಗುರು ಕೂದಲಿನ ಮಧ್ಯಮ ಗಾತ್ರದ ಪೂಡಲ್, ಅದರದ್ದೇ; ಸಾಕಿದವರ ಹತ್ತಿರ ಕೇಳಿ ತಂದಿದ್ದೆ. ನನ್ನ ಹಾಗೆ ಅಲರ್ಜಿ ಇರೋರಿಗೆ ಯಾವ ತಳಿಯ ನಾಯಿಯೂ ಖಾತ್ರಿಯಿಲ್ಲ, ಮೊದಲು ಅದು ಮಲಗಿದ ಬಟ್ಟೆ ಇಟ್ಟುಕೊಂಡು ಪರೀಕ್ಷೆ ಮಾಡಿ ಅಂದರು ಡಾಕ್ಟರು.

ಐದು ದಿನ ಅದಕ್ಕೆ ಮೂಗು ಒತ್ತಿ ಮಲಗಿದೆ. ಒಂದು ಸೀನೂ ಬರಲಿಲ್ಲ. ನೀನು ಒಗೆದ ಮೇಲೆ ಸೀನಿ ಸೀನಿ ಸಾಕಾಯ್ತು! ಆ ಸೋಪಿನ ಪುಡಿ ಮನೆಯಲ್ಲಿ ಇರಕೂಡದು.

ಆ ನಾಯಿಯ ಕೂದಲು ತಿಂಗಳಿಗೊಮ್ಮೆ ಕತ್ತರಿಸಬೇಕಂತೆ. ಊರಿಗೆಲ್ಲ ಕಟಿಂಗ್ ಮಾಡೋ ನನಗೆ ಅದೇನು ದೊಡ್ಡದು?

ಸಂಜೆ ಅಂಗಡಿ ಮುಚ್ಚಿ, ಆ ನಾಯಿಯನ್ನೇ ತೊಡೆ ಮೇಲೆ ಕೂರಿಸಿಕೊಂಡು ಸೀನು ಬರುತ್ತಾ ಅಂತ ನೋಡಿ ಬರುತ್ತೇನೆ. ಈಗಲೇ ಕುಣಿಯಬೇಡ.

ಸೋಫಾ ಪಕ್ಕದ ಮೂಲೆ ಮಾತ್ರ ಗುಡಿಸಿಡು.

ಅಪ್ಪ