ಹದಿನೇಳು ಪೆಟ್ಟಿಗೆಗಳ ಕೋಣೆ

ಗುಂಡ,

ಬಟ್ಟೆ ಅರ್ಧ ಒಗೆದಿದ್ದೇನೆ, ಉಳಿದದ್ದು ಬಕೆಟ್ಟಿನಲ್ಲಿ ನೆನೆಯುತ್ತಿದೆ. ನಿನ್ನ ಬಿಳಿ ಅಂಗಿಯನ್ನು ಬೇರೆಯಾಗಿ ಒಗೆ, ಕೆಂಪು ಹೊದಿಕೆ ಬಣ್ಣ ಬಿಡುತ್ತಿದೆ.

ಅಡುಗೆಮನೆಯ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ಕೆಳಗಿಟ್ಟ ಪಾತ್ರೆ ತುಂಬಿದರೆ ಚೆಲ್ಲು. ಒಂಬತ್ತು ತಿಂಗಳಿಂದ ನಾನೇ ಚೆಲ್ಲಿದ್ದೇನೆ.

ಈ ಮನೆಗೆ ಬರುವಾಗ, "ಅಮ್ಮ, ನಿನ್ನ ಅಕ್ಷರ ಮುತ್ತಿನ ಹಾಗಿದೆ, ಪೆಟ್ಟಿಗೆಗಳ ಮೇಲೆ ನೀನೇ ಬರಿ" ಅಂದೆ. ಎಲ್ಲಿಡಬೇಕೆಂದು ತೋಚದ ಸಾಮಾನಿಗೆಲ್ಲ, "ಅಮ್ಮನ ಕೋಣೆ ಅಂತ ಹಾಕಮ್ಮ, ಆಮೇಲೆ ನೋಡ್ಕೊಳ್ಳೋಣ" ಅಂದೆ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ಕೆಲಸಕ್ಕೆ ಬಂತೆಂದು ಹಿಗ್ಗಿ, ಹದಿನೇಳು ಪೆಟ್ಟಿಗೆಗಳ ಮೇಲೆ ಹಾಗೆಯೇ ಬರೆದೆ. ನನ್ನ ಮಂಚ ಹಿಡಿಸದಂತೆ ನನ್ನ ಕೋಣೆಯನ್ನು ನಾನೇ ತುಂಬಿಸಿಕೊಂಡೆ.

ಹಾಲ್‌ನಲ್ಲಿ ಮಲಗುತ್ತಾ, ಕೋಣೆ ಯಾವಾಗ ಖಾಲಿ ಮಾಡುತ್ತೀಯೆಂದು ನಾನು ಕೇಳಿದಾಗಲೆಲ್ಲ, "ಇನ್ನೊಂದು ವಾರ ತಡ್ಕೊ" ಅಂದೆ ನೀನು. "ಹಾಲ್‌ನಲ್ಲಿ ಗಾಳಿ ಚೆನ್ನಾಗಿ ಬರುತ್ತಲ್ಲ ಅತ್ತೆ" ಅಂದಳು ನಿನ್ನ ಹೆಂಡತಿ. ನಿನ್ನೆ ಮೀನಿನ ತೊಟ್ಟಿಯನ್ನೂ ನನ್ನ ಕೋಣೆಯಲ್ಲೇ ತಂದಿಟ್ಟಿರಿ. ಮೀನುಗಳಿಗಾದರೂ ಕೋಣೆ ಸಿಕ್ಕಿತು. ಅವಕ್ಕೆ ಸಂಜೆ ಒಂದು ಚಿಟಿಕೆ ಆಹಾರ ಸಾಕು.

ನಿನ್ನ ಕೆಮ್ಮಿನ ಔಷಧಿ ಕಿಟಕಿಯ ಪಕ್ಕದಲ್ಲಿದೆ. ಊಟವಾದ ಮೇಲೆ ಕುಡಿ, ಮೊದಲಲ್ಲ.

"ಬಂದು ನನ್ನ ಜೊತೆಗಿರು" ಎಂದು ನಿನ್ನ ದೊಡ್ಡಮ್ಮ ಕಾಗದ ಹಾಕಿದ್ದು ನಿನಗೆ ಗೊತ್ತು. ಬರುತ್ತೇನೆ ಎಂದು ಉತ್ತರ ಬರೆದಿಟ್ಟು ಏಳು ತಿಂಗಳಾಯಿತು. ಇದು ನನ್ನ ಮನೆಯೂ ಆದೀತೆಂದು ಕಳಿಸದೆ ಕಾದೆ. ಇವತ್ತು ಅದರ ಕೆಳಗೆ, ಭಾನುವಾರ ಹೊರಡುತ್ತೇನೆ ಎಂದು ಸೇರಿಸಿದ್ದೇನೆ.

ಈಗ ಅದನ್ನು ಅಂಚೆಪೆಟ್ಟಿಗೆಗೆ ಹಾಕಲು ಹೋಗುತ್ತಿದ್ದೇನೆ. ವಿಳಾಸವನ್ನು ಮುತ್ತಿನ ಹಾಗೆಯೇ ಬರೆದಿದ್ದೇನೆ.

ಅಮ್ಮ