ಡಮ್ಮಿ ಸಿಡಿ

ಬ್ಯಾಲರಾಟ್,
11 ಜುಲೈ 2003, ಶುಕ್ರವಾರ

ಪ್ರೀತಿಯ ಅಮ್ಮಾ,

ಸಿಡಿ ಬರೆಯುವ ಯಂತ್ರ, ಆ ಬರ್ನರ್, ಕೊನೆಗೂ ಸಿಡಿ ಬರೆಯಿತು, ಅಮ್ಮಾ, ನಮ್ಮ ಮದುವೆ ಪೂರ್ತಿ ಅದರಲ್ಲಿದೆ! ತಲೆಸುತ್ತು ಹೇಗಿದೆ? ಗೋಡೆ ಹಿಡಿಯದೆ ಅಡುಗೆಮನೆವರೆಗೆ ಹೋಗುತ್ತೀಯಾ? ಫೋನ್ ಮಾಡಿದರೆ "ಬರೀ ಗೊರಗೊರ ಅನ್ನುತ್ತೆ, ಕಾಗದ ಬರಿ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ, ಕೂತು, ಎದ್ದು, ಮತ್ತೆ ಕೂತು.

ಮುಂದಿನ ಶುಕ್ರವಾರ ನಿನ್ನ ಆಪರೇಷನ್. ಕಿವಿಯೊಳಗಿನ ಆ ಗಡ್ಡೆ ತೆಗೆದರೆ ಉಳಿದಿರುವ ಒಂದು ಕಿವಿಯೂ ಹೋಗಬಹುದು ಅಂತ ಡಾಕ್ಟರ್ ಹೇಳಿದ ದಿನದಿಂದ ನನಗೆ ಒಂದೇ ಧ್ಯಾನ: ಮದುವೆಗೆ ಬರಲಾಗದ ನೀನು ಅಷ್ಟರೊಳಗೆ ಅದನ್ನು ಕೇಳಬೇಕು. ಫರ್ಗಸ್ (ನನ್ನ ಗಂಡ! ಹಾಗೆ ಬರೆಯುವುದಕ್ಕೇ ನಗು ಬರುತ್ತೆ) ಎಲ್ಲವನ್ನೂ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ಆದರೆ ಅವನ ಕಂಪ್ಯೂಟರ್ ಎಲ್ಲರ ಹಾಗೆ ವಿಂಡೋಸ್‌ನಲ್ಲಿ ನಡೆಯುವುದಲ್ಲ, ಲಿನಕ್ಸ್ ಅಂತ ಬೇರೆಯದರಲ್ಲಿ. ಹೊಸ ಬರ್ನರನ್ನು ಅದು ಕಣ್ಣೆತ್ತಿಯೂ ನೋಡಲಿಲ್ಲ. "ಇದು ನೀನಂದುಕೊಂಡ ಜಾತಿಯ ಡ್ರೈವ್ ಅಲ್ಲ, ಬೇರೆ ಜಾತಿಯದು" ಅಂತ ಕಂಪ್ಯೂಟರಿಗೆ ಸುಳ್ಳು ಹೇಳಿ ಒಪ್ಪಿಸುವುದಕ್ಕೆ ಅವನಿಗೆ ನಾಲ್ಕು ದಿನ! "ಅಂಗಡೀಲಿ ಮಾಡಿಸೋಣ ಕಣೋ" ಅಂದರೆ, "ನನ್ನ ಹೆಂಡ್ತಿ ಮದುವೆ ಅಂಗಡಿಯವನ ಕೈಗಾ?" ಅಂತಾನೆ. "ನಿಂದೂ ಮದುವೇನೇ, ಪೆದ್ದು" ಅಂದೆ.

ನಿನ್ನೆ ದೀಪ ಮಿನುಗಿತು, ಒಂಬತ್ತು ನಿಮಿಷ ಗುಯ್‌ಗುಟ್ಟಿತು, ಸಿಡಿ ಹೊರಬಂತು. ಕುಣಿದುಬಿಟ್ಟೆ. ಲಕೋಟೆ ಅಂಟಿಸಿ ಅಂಚೆ ಕಚೇರಿಯ ಸಾಲಿನಲ್ಲೂ ನಿಂತೆ. ಅಷ್ಟರಲ್ಲಿ ಫರ್ಗಸ್ ಆ ಚಳಿಯಲ್ಲಿ ಮನೆಯ ಚಪ್ಪಲಿಯಲ್ಲೇ ಓಡಿಬಂದ: "ಕೊಡ್ಬೇಡ ಕಣೇ, ಅದು ಖಾಲಿ!" ಮೊದಲು ಪರೀಕ್ಷೆ ಮಾಡಲು, ಕಂಪ್ಯೂಟರಿಗೆ ಕೊಡುವ ಆಜ್ಞೆಯಲ್ಲಿ 'ಡಮ್ಮಿ' ಅಂತ ಒಂದು ಪದ ಸೇರಿಸಿ ಓಡಿಸುತ್ತಾರಂತೆ. ಆಗ ಎಲ್ಲವೂ ನಡೆದ ಹಾಗೇ ನಡೆಯುತ್ತದೆ, ಸಿಡಿಯ ಮೇಲೆ ಬರೆಯುವ ಲೇಸರ್ ಮಾತ್ರ ಹೊತ್ತಿಕೊಳ್ಳುವುದಿಲ್ಲ. ಆ ಪದ ತೆಗೆಯುವುದನ್ನೇ ಮರೆತಿದ್ದ. ಸಾಲಿನವರೆಲ್ಲ ನಕ್ಕರು, ನಾನೂ ನಕ್ಕೆ. ಬಾಗಿಲು ದಾಟುವಷ್ಟರಲ್ಲಿ ಹೊಳೆಯಿತು: ಅದೇ ನಿನಗೆ ಬಂದಿದ್ದರೆ? ನೀನು ಅದನ್ನು ಹಾಕಿ, ಏನೂ ಕೇಳಿಸದೆ, ಕಿವಿ ಆಗಲೇ ಹೋಯಿತು ಅಂದುಕೊಂಡು, ಯಾರಿಗೂ ಹೇಳದೆ ಕೂತುಬಿಡುತ್ತಿದ್ದೆ. ನೀನು ಹಾಗೇ ಅಲ್ಲವಾ?

ಇವತ್ತಿನದು ಅಸಲಿ. ಪಕ್ಕದ ಮನೆಯ ಪ್ಲೇಯರಿನಲ್ಲೂ ಹಾಕಿ ಕೇಳಿದೆ. ಪಾದ್ರಿ ಪ್ರಶ್ನೆ ಮುಗಿಸುವ ಮೊದಲೇ ನಾನು "ಹೂಂ" ಅಂದದ್ದು, ಇಡೀ ಚರ್ಚು ನಕ್ಕಿದ್ದು, ಎಲ್ಲ ಇದೆ.

ಫರ್ಗಸ್‌ನಿಂದ ನಿನಗೊಂದು ಮುತ್ತು, ನನ್ನಿಂದ ಲೆಕ್ಕವಿಲ್ಲದಷ್ಟು.

ನಿನ್ನ
ಬ್ರಯೊನಿ

ಹೇಳಲು ಮರೆತೆ: ಸಿಡಿಯನ್ನು ಈ ಲಕೋಟೆಯಲ್ಲಿ ಹುಡುಕಬೇಡ. ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ನೀನು ಕೇಳುವಾಗ ನಿನ್ನ ಮುಖ ನೋಡಬೇಕು. ಆಮೇಲೆ ಏನೂ ಕೇಳಿಸದೆ ಹೋದರೆ ಚೀಟಿಯಲ್ಲಿ ಬರೆದು ಮಾತಾಡಲು ಹತ್ತಿರ ಯಾರಾದರೂ ಬೇಕಲ್ಲ; ಮೂರು ವಾರ ರಜೆ ಹಾಕಿದ್ದೇನೆ. ಬೇಡ ಅಂತ ಬರೆದರೆ ಓದುವುದಿಲ್ಲ. ಬರುವ ಬುಧವಾರ, ಬೆಳಗಿನ ಏಳರ ಮೆಲ್ಬರ್ನ್ ರೈಲು ಹತ್ತಿ ಸಿಡಿ ಹಿಡಿದು ಬರುತ್ತೇನೆ.