ಐದು ಸಲ ಎದ್ದು ಕೂರುವುದು

ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟಿಗೆ,

ಅಣ್ಣನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಮೂರು ವಾರ ಸುಮ್ಮನೆ ಕೂತೆ. ಪುರುಸೊತ್ತಿರಲಿಲ್ಲ ಎಂದರೆ ನೀನು ನಗುತ್ತೀಯ; ಇಡೀ ದಿನ ಕುರ್ಚಿಯಲ್ಲಿರುವವನಿಗೆ ಪುರುಸೊತ್ತಿಗೇನು ಬರ? ಬೈದುಕೋ, ಆದರೆ ಪೂರ್ತಿ ಓದು.

ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ, ಅಂದರೆ ನನ್ನ ಮೇಲೆ ರೇಗುವಷ್ಟು ಚೆನ್ನಾಗಿದ್ದಾಳೆ. ಉಪ್ಪಿನ ಡಬ್ಬಿಯನ್ನು ನನ್ನ ಕೈಗೆ ಎಟುಕದಂತೆ ಅಟ್ಟದ ಮೇಲಿಟ್ಟಿದ್ದಾಳೆ. ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿತ್ತು, ಹೋದ ವಾರ ತೆಗೆದರು. ಹೊಟ್ಟೆ ಇಳಿದ ಮೇಲೆ ಕೆಳಗೆ ನೋಡಿದರೆ ಇವು ಯಾರ ಕಾಲುಗಳೋ ಅನ್ನಿಸಿತು. ತೊಡೆಯೇ ಇಲ್ಲ ಕಣೇ.

ಆಸ್ಪತ್ರೆಯ ವ್ಯಾಯಾಮದ ಮೇಡಂ ಬಿಡಿಸಿ ಹೇಳಿದರು: "ನಿಮ್ಮ ಲಿವರ್‌ಗೆ ಊಟದ ಶಕ್ತಿ ಕೂಡಿಡೋಕೆ ಆಗ್ತಿಲ್ಲ. ಅದಕ್ಕೇ ದೇಹ ನಿಮ್ಮ ಮಾಂಸಖಂಡಾನೇ ತಿಂತಾ ಇದೆ. ತಿನ್ನಿಸ್ತಾನೂ ಇರ್ಬೇಕು, ದುಡಿಸ್ತಾನೂ ಇರ್ಬೇಕು." ಹಾಗಾಗಿ ಹಸಿವಿರಲಿ ಬಿಡಲಿ, ಎರಡು ಗಂಟೆಗೊಮ್ಮೆ ತಿನ್ನುತ್ತೇನೆ. ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಎಳೆಯುತ್ತೇನೆ, ನೀರಿನ ಬಾಟಲಿ ಎತ್ತಿ ಇಳಿಸುತ್ತೇನೆ. ಇಪ್ಪತ್ತೆಂಟು ವರ್ಷ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಜನರನ್ನು ಮೇಲೆ ಕೆಳಗೆ ಸಾಗಿಸಿದವನಿಗೆ ಈಗ ದಿನಾ ಹನ್ನೆರಡು ಮೆಟ್ಟಿಲು ಹತ್ತುವ ಶಿಕ್ಷೆ. ನಿನ್ನ ಅತ್ತಿಗೆ ಹಿಂದೆ ನಿಂತು ಎಣಿಸುತ್ತಾಳೆ, ಒಂದು ಮೆಟ್ಟಿಲನ್ನೂ ಬಿಟ್ಟುಕೊಡುವುದಿಲ್ಲ.

ಲಿಫ್ಟು ನಡುವೆ ನಿಂತುಬಿಟ್ಟಾಗ ಒಳಗಿದ್ದವರಿಗೆ "ಗಾಬರಿ ಆಗ್ಬೇಡಿ, ಈಗ ಹೊರಡುತ್ತೆ" ಅನ್ನುತ್ತಿದ್ದೆ. ಎಷ್ಟು ಸಲೀಸಾಗಿ ಅನ್ನುತ್ತಿದ್ದೆ! ಈಗ ಸಿಕ್ಕಿಬಿದ್ದವನು ನಾನೇ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಉಸಿರು ಕಟ್ಟುತ್ತದೆ ಪುಟ್ಟಿ.

ವಿಷಯಕ್ಕೆ ಬರುತ್ತೇನೆ. ನಮ್ಮ ಡಾಕ್ಟರ ಷರತ್ತು ನಿನಗೆ ಗೊತ್ತು: ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು, ಹದಿನೈದು ಸೆಕೆಂಡಿನೊಳಗೆ. ಅಷ್ಟು ತ್ರಾಣವಿದ್ದರೆ ಮಾತ್ರ ಆಪರೇಷನ್, ನಿನ್ನ ಲಿವರಿನ ತುಂಡು ನನಗೆ. ಸೋಮವಾರ ಪರೀಕ್ಷೆ ಆಯಿತು. ಮೂರನೇ ಸಲಕ್ಕೆ ಕಾಲು ನಡುಗಿತು, ನಾಲ್ಕಕ್ಕೆ ಕುರ್ಚಿಯ ಕೈ ಹಿಡಿದುಬಿಟ್ಟೆ. ಆಗಲಿಲ್ಲ.

ನೀನು ರಜೆ ಹಾಕಬೇಡ, ಬರಲೂ ಬೇಡ. ಬೇಕರಿಯಲ್ಲಿ ದಿನವಿಡೀ ಟ್ರೇ ಎತ್ತುವವಳು ಹೊಟ್ಟೆ ಕೊಯ್ಯಿಸಿಕೊಂಡರೆ ತಿಂಗಳುಗಟ್ಟಲೆ ಏನನ್ನೂ ಎತ್ತುವಂತಿಲ್ಲ. ಕುಡಿದದ್ದು ನಾನು, ಕತ್ತರಿ ನಿನಗ್ಯಾಕೆ? ನಿನ್ನ ಮದುವೆಯ ದಿನ ನಾನು ತೂರಾಡಿದ್ದನ್ನು ನೀನು ಇವತ್ತಿನವರೆಗೂ ಎತ್ತಿ ಆಡಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು. ಎರಡನೇ ಕಾಗದದ ಕೊನೆಯಲ್ಲಿ "ಸ್ವಲ್ಪ ಭಯ ಆಗುತ್ತೆ ಅಣ್ಣಾ" ಅಂತ ಬರೆದು ಹೊಡೆದುಹಾಕಿದ್ದೀಯ. ಹೊಡೆದುಹಾಕಿದ ಆ ಸಾಲನ್ನೇ ಹತ್ತು ಸಲ ಓದಿದೆ.

ನಿನ್ನ ಮಗಳಿಗೆ ಮಾವ ಕೇಳಿದ ಅಂತ ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ, ನೂರು ಕಾಲ ನಗುನಗುತ್ತಾ ಬಾಳು.

ನಿನ್ನ ಅಣ್ಣ

ತಾ.ಕ.: ಈ ಕಾಗದ ಹಾಕಲು ಬೀದಿ ಕೊನೆಯ ಅಂಚೆ ಡಬ್ಬಿಯವರೆಗೆ ನಾನೊಬ್ಬನೇ ನಡೆದು ಹೋದೆ. ಡಬ್ಬಿಯ ಬಾಯಿಗೆ ಅರ್ಧ ತೂರಿಸಿ ವಾಪಸ್ ಎಳೆದುಕೊಂಡು ಬಂದೆ. ಕುರ್ಚಿಯ ಕೈ ನಾನು ಹಿಡಿಯಲಿಲ್ಲ ಪುಟ್ಟಿ. ಐದೂ ಸಲ ಎದ್ದೆ, ಹದಿಮೂರೇ ಸೆಕೆಂಡು. ಮೇಡಂ ಚಪ್ಪಾಳೆ ತಟ್ಟಿದರು. "ತಂಗಿ ಹೂಂ ಅಂದ್ರೆ ದಿನ ಗೊತ್ತುಮಾಡೋಣ" ಅಂದರು. ಹೊರಗೆ ಕಾಯುತ್ತಿದ್ದ ನಿನ್ನ ಅತ್ತಿಗೆಗೂ ಆಗಲಿಲ್ಲ ಅಂತಲೇ ಹೇಳಿದ್ದೇನೆ. ನಿನಗೆ ಬೇಡ ಅನ್ನಲು ಒಂದು ದಾರಿ ಇರಲಿ ಅಂತ. ಈಗಲೂ ಮೇಲೆ ಬರೆದದ್ದನ್ನೇ ನಿಜ ಅಂದುಕೊಂಡು ಸುಮ್ಮನಿದ್ದುಬಿಡು, ನಾನು ಯಾವತ್ತೂ ಕೇಳುವುದಿಲ್ಲ. ಆದರೆ ಇದನ್ನು ಬರೆಯದೆ ಕಳಿಸಲು ಮನಸ್ಸು ಬರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ. ಐದನೇ ಸಲ ಎದ್ದು ನಿಂತಾಗ ನನಗೆ ಬದುಕಬೇಕು ಅನ್ನಿಸಿತು ಕಣೇ.